ಅವರ ಚೆಂಡು, ಅವರ ಚಿಂತೆ

ನಮ್ಮ ಚೆನ್ನೈಯ ಫುಟ್ಬಾಲ್ ತಂಡ ಆಡುವಾಗ ನಾನು ಆಟ ನೋಡುವುದಿಲ್ಲ, ಗಡಿಯಾರ ನೋಡುತ್ತೇನೆ. ಗೆಲ್ಲುತ್ತಿದ್ದರೆ ಅದು ನಿಂತೇ ಹೋಗಿದೆ ಅನ್ನಿಸುತ್ತದೆ, ಸೋಲುತ್ತಿದ್ದರೆ ಓಡತೊಡಗುತ್ತದೆ. ಒಮ್ಮೆ ಕೊನೆಯ ಗಳಿಗೆಯಲ್ಲಿ ನಮ್ಮ ಗೋಲ್‌ಕೀಪರನ ಕೈಯಿಂದ ಚೆಂಡು ಜಾರಿದಾಗ ನನಗೇ ತಲೆ ಸುತ್ತಿ ಸೋಫಾದ ಮೇಲೆ ಒರಗಿಬಿಟ್ಟೆ. ಬಿ.ಪಿ. ನೋಡಿದ ಡಾಕ್ಟರು ಉಪ್ಪು ಬಿಡಿ ಎಂದರು. ನನ್ನ ಹೆಂಡತಿ ಶಾರದೆ, "ಉಪ್ಪು ಇರ್ಲಿ ಡಾಕ್ಟ್ರೇ, ಮೊದ್ಲು ಆ ಫುಟ್ಬಾಲ್ ಬಿಡ್ಸಿ" ಎಂದಳು. ಡಾಕ್ಟರು ಎರಡನ್ನೂ ಬಿಡಿಸಿದರು.

ಸಪ್ಪೆ ಊಟವನ್ನು ಹೇಗೋ ನುಂಗಬಹುದು. ಆಟವಿಲ್ಲದ ಶನಿವಾರದ ಸಂಜೆ ಗಂಟಲಲ್ಲಿ ಇಳಿಯದು. ನನ್ನ ಅವಸ್ಥೆ ನೋಡಲಾರದೆ ಮಗಳು ರಮ್ಯಾ ಟಿವಿಯಲ್ಲಿ ಜರ್ಮನಿಯ ಲೀಗ್ ಹಾಕಿಕೊಟ್ಟಳು. ನನಗೆ ಸಿಟ್ಟೇ ಬಂತು. ನಮ್ಮ ಲೀಗಿನ ಕುರ್ಚಿಗಳು ಖಾಲಿ ಬೀಳುವುದಕ್ಕೆ ಈ ಪರದೇಶದ ಲೀಗುಗಳೇ ಕಾರಣ ಎಂದು ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ಬಂದವರಿಗೆಲ್ಲ ಭಾಷಣ ಬಿಗಿದವನು ನಾನು.

ಆದರೂ ನೋಡಿದೆ. ಯಾರೋ ಗೋಲು ಹೊಡೆದರು, ಚೆನ್ನಾಗಿತ್ತು. ಸ್ವಲ್ಪ ಹೊತ್ತಿಗೆ ಎದುರಿನವರೂ ಹೊಡೆದರು, ಅದೂ ಚೆನ್ನಾಗಿತ್ತು.

"ಇದುಲ ನಮ್ಮ ಟೀಮ್ ಎದುಪ್ಪಾ?" ಎಂದಳು ರಮ್ಯಾ, ಇದರಲ್ಲಿ ನಮ್ಮ ತಂಡ ಯಾವುದು ಎಂದು. ಚೆನ್ನೈಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಕಿವಿಗೆ ಮಾತ್ರ, ಬಾಯಿಗೆ ತಮಿಳು.

"ಯಾವ್ದೂ ಅಲ್ಲ ಮಗಾ" ಎಂದೆ. ಅಷ್ಟು ಹೇಳಿದ್ದೇ ಎದೆ ಹಗುರಾಯಿತು. ಗಡಿಯಾರದ ಕಡೆ ನೋಡಿರಲೇ ಇಲ್ಲ ಎಂದು ಆಮೇಲೆ ಹೊಳೆಯಿತು.

ಈ ಸುಖದ ಗುಟ್ಟು ನಮ್ಮ ಅಪ್ಪಯ್ಯನಿಗೆ ಎಂದೋ ಗೊತ್ತಿತ್ತು. ಉಡುಪಿ ಕಡೆಯಿಂದ ಚೆನ್ನೈಗೆ ಬಂದು ವೆಸ್ಟ್ ಮಾಂಬಲಂನಲ್ಲಿ ಹೋಟೆಲು ಇಟ್ಟವರು ಅವರು. ಸ್ವಂತ ಹೋಟೆಲಿನಲ್ಲಿ ನೆಮ್ಮದಿಯಾಗಿ ಒಂದು ಇಡ್ಲಿ ತಿಂದದ್ದನ್ನು ನಾನು ಕಾಣೆ. ತುತ್ತು ಬಾಯಲ್ಲಿ, ಕಣ್ಣು ಸಪ್ಲಾಯರನ ಮೇಲೆ, ಮೂಗು ಸಾಂಬಾರಿನ ಕಡೆಗೆ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಟವೆಲು ಹೆಗಲಿಗೇರಿಸಿ ರಸ್ತೆ ದಾಟಿ ಭಟ್ಟರ ಹೋಟೆಲಿಗೆ ಹೋಗುತ್ತಿದ್ದರು. ಭಟ್ಟರಿಗೂ ನಮಗೂ ಜನ್ಮದ ಪೈಪೋಟಿ. ಅಲ್ಲಿ ಸಾಂಬಾರಿಗೆ ಉಪ್ಪು ಹೆಚ್ಚಾದರೂ, "ಅದು ಭಟ್ರ ತಲೆಬಿಸಿ ಮಾರಾಯ" ಎಂದು ಇನ್ನೊಂದು ಪ್ಲೇಟು ತರಿಸುತ್ತಿದ್ದರು.

ಜರ್ಮನಿಯ ಲೀಗೂ ನನಗೆ ಭಟ್ಟರ ಹೋಟೆಲೇ. ಎಚ್ಚರ ಮಾತ್ರ ಬೇಕು. ಮೊನ್ನೆ ಅಲ್ಲೊಬ್ಬ ಗೋಲ್‌ಕೀಪರನ ಕೈಯಿಂದಲೂ ಚೆಂಡು ಜಾರಿತು. ಅಯ್ಯೋ ಪಾಪ ಎಂದು ಬಾಯಿಗೆ ಬಂತು. ತಕ್ಷಣ ಚಾನೆಲ್ ಬದಲಿಸಿದೆ. ಸಂಬಂಧಗಳೆಲ್ಲ ಶುರುವಾಗುವುದು ಈ ಪಾಪದಿಂದಲೇ ಅಲ್ಲವೇ?

ಹೋದ ವಾರ ಡಾಕ್ಟರು ಬಿ.ಪಿ. ನೋಡಿ, "ಉಪ್ಪು ಬಿಟ್ಟದ್ದು ಕೆಲಸ ಮಾಡಿದೆ" ಎಂದರು. ದಿನಾ ಊಟದಲ್ಲಿ ಉಪ್ಪಿನಕಾಯಿ ಬಡಿಸುವ ಶಾರದೆ ನನ್ನ ಮುಖ ನೋಡಿದಳು. ಮೆಟ್ಟಿಲು ಇಳಿಯುವಾಗ, "ಆ ಜರ್ಮನಿಯವ್ರು ಬದುಕ್ಲಿ" ಎಂದಳು.

ಮನೆಗೆ ಬರುವ ದಾರಿಯಲ್ಲಿ ನೆನಪಾಯಿತು. ಅಪ್ಪಯ್ಯ ತಿಂದು ಬಂದ ಮೇಲೆ ಭಟ್ಟರೂ ರಸ್ತೆ ದಾಟುತ್ತಿದ್ದರು. ಅಪ್ಪಯ್ಯ ಇಡೀ ದಿನ ಸಂಕಟಪಡುತ್ತಿದ್ದ ಅದೇ ಹೋಟೆಲಿನಲ್ಲಿ ಕಣ್ಣು ಮುಚ್ಚಿ ದೋಸೆ ಸವಿಯುತ್ತಿದ್ದರು. ಹಾಗಾದರೆ ಜರ್ಮನಿಯಲ್ಲೂ ಹೆಂಡತಿ ಫುಟ್ಬಾಲ್ ಬಿಡಿಸಿದ ಒಬ್ಬ ಮುದುಕನಿರಬೇಕು. ನಮ್ಮವರ ಆಟವನ್ನು ಅವನು ಕಾಲು ಚಾಚಿ ನೋಡುತ್ತಿರಬೇಕು. ನನ್ನ ಕೈಲಾಗದ ಕೆಲಸ, ಅವನಾದರೂ ಮಾಡಲಿ.