ಅಕ್ಕ ಹೋದ ಮೇಲೆ ಮೆಲ್ಲಣ್ಣ

ಅವನು ನಡೆಯಲು ಕಲಿತಾಗಿನಿಂದ ಅಮ್ಮನ ಬಾಯಲ್ಲಿ ಒಂದೇ ಮಾತು: "ಮೆಲ್ಲಗೆ, ಮೆಲ್ಲಗೆ." ಓಣಿಯ ಮಕ್ಕಳು ಅದನ್ನೇ ಹಿಡಿದು ಮೆಲ್ಲಣ್ಣ ಎಂದು ಹೆಸರಿಟ್ಟರು. ಹುಟ್ಟಿನಿಂದ ಬಂದ ಹಿಮೋಫಿಲಿಯಾ. ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ನೋಡಿದವರು ಹೆದರುತ್ತಿದ್ದುದು ಚಾಕುವಿಗೆ, ಬ್ಲೇಡಿಗೆ. ಅವನನ್ನು ಕಾಡಿದ್ದು ಹೊರಗೆ ಕಾಣದ ರಕ್ತ. ಅವನು ಎಲ್ಲೂ ಬೀಳದಿದ್ದರೂ, ತಾಗಿಸಿಕೊಳ್ಳದಿದ್ದರೂ, ಅದು ಮಂಡಿಯೊಳಗೆ ಜಿನುಗಿ ಕಾಲು ಬಿಸಿಯೇರಿ ಊದಿಕೊಳ್ಳುತ್ತಿತ್ತು. ಹಾಗೆ ಆಗಿ ಆಗಿ ಎಡಮಂಡಿ ಪೂರ್ತಿ ಮಡಚದಂತಾಯಿತು.

ಬಸ್ ನಿಲ್ದಾಣದಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ಗಾಜಿನ ಕೋಣೆ, ಮೈಕು, ಕಾಲು ಚಾಚಲು ಒಂದು ಸ್ಟೂಲು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ಹೇಳಬೇಕು. ಊರಿಗೆಲ್ಲ ಅವನ ದನಿ ಗೊತ್ತು, ಮುಖ ಗೊತ್ತಿಲ್ಲ. ಒಮ್ಮೆ ಅಂಗಡಿಯಲ್ಲಿ ಸೋಪು ಕೇಳಿದಾಗ ಪಕ್ಕದ ಹೆಂಗಸು ಬಸ್ಸು ಹೊರಟಿತೆಂದು ಬೆಚ್ಚಿ ಬ್ಯಾಗು ಎತ್ತಿಕೊಂಡಳು. ಅದನ್ನು ಅಕ್ಕನಿಗೆ ಹೇಳಲು ಮೆಲ್ಲಣ್ಣ ಓಡೋಡಿ ಬಂದ. ಓಟವೆಂದರೆ ಅವನ ಕುಂಟು ಓಟ.

ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅವರಿಬ್ಬರೇ. ಅಕ್ಕ ಹೊಲಿಗೆ ಕಲಿಸುತ್ತಿದ್ದಳು. ರಕ್ತ ಹೆಪ್ಪುಗಟ್ಟಿಸುವ ಔಷಧಿಯ ಪುಡಿ ಕರಗಿಸಿ, ತಮ್ಮನ ತೋಳಿನ ನರ ಹುಡುಕಿ ಚುಚ್ಚುವವಳೂ ಅವಳೇ. ಅವನು ಗೋಡೆಯ ಕಡೆ ತಿರುಗಿ ಕೂರುತ್ತಿದ್ದ. ಅವಳಿಗೆ ಗಂಡುಮಗುವಾದರೆ ಅದಕ್ಕೂ ಈ ಕಾಯಿಲೆ ಬರಬಹುದೆಂದು ಡಾಕ್ಟರು ಹೇಳಿದ್ದರು. ಬಂದ ಸಂಬಂಧಗಳನ್ನೆಲ್ಲ ಅವಳು ಬೇಡವೆಂದಳು. ಅವನು ಕಾರಣ ಕೇಳಲಿಲ್ಲ, ಅವಳು ಹೇಳಲೂ ಇಲ್ಲ.

ಅವಳ ಕೂದಲು ನರೆತ ಮೇಲೆ, ಹೆಂಡತಿಯನ್ನು ಕಳೆದುಕೊಂಡಿದ್ದ ಬೇರೆ ಊರಿನ ಬೀಗ ರಿಪೇರಿಯವನೊಬ್ಬ ಮದುವೆಯ ಮಾತೆತ್ತಿದ. ಈ ವಯಸ್ಸಿನಲ್ಲಿ ಇನ್ನು ಮಕ್ಕಳ ಚಿಂತೆಯಿರಲಿಲ್ಲ.

"ನಿನ್ನ ಬಿಟ್ಟು ಹೇಗೋ ಹೋಗ್ಲಿ?" ಎಂದಳು ಅಕ್ಕ, ಪಾತ್ರೆ ಒರೆಸುತ್ತ.

"ನಾನೇನು ಎಳೆ ಮಗೂನಾ?"

"ಸೂಜಿ ಯಾರು ಚುಚ್ತಾರೆ?"

"ಆಸ್ಪತ್ರೆ ನರ್ಸಮ್ಮ ಕಲಿಸ್ತಾರಂತೆ."

"ಸೂಜಿ ಕಂಡ್ರೆ ಗೋಡೆ ನೋಡೋನು ನೀನು."

"ಆ ಗೋಡೆ ನೋಡಿ ನೋಡಿ ನಂಗೂ ಸಾಕಾಗಿದೆ. ಹೋಗಕ್ಕ."

ಅಕ್ಕ ನಕ್ಕಳು. ಆಮೇಲೆ ಪಾತ್ರೆಯ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು.

ಮದುವೆ ಮುಗಿದು ಅವಳು ಹೊರಟ ದಿನ ಆ ಬಸ್ಸನ್ನು ಕೂಗಬೇಕಾದವನೂ ಅವನೇ. ಕಿಟಕಿಯಲ್ಲಿ ಕೂತ ಅಕ್ಕ ಗಾಜಿನ ಕೋಣೆಯತ್ತ ನೋಡುತ್ತಿದ್ದಳು. ಬಸ್ಸು ಹೊರಡಲು ಸಿದ್ಧವಾಗಿದೆ ಎಂದು ಎರಡು ಸಲ ಹೇಳಬೇಕು. ಒಂದೇ ಸಲ ಹೇಳಿ ಅವನು ಮೈಕು ಆರಿಸಿದ.

ಮನೆ ಬಿಕೋ ಎನ್ನತೊಡಗಿತು. ಹಗಲೆಲ್ಲ ಊರಿನ ಜೊತೆ ಮಾತಾಡುವವನಿಗೆ ಸಂಜೆ ಬಾಯಿ ತೆರೆಯಲು ಕಾರಣವೇ ಇರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕಲಿಯುವಾಗ ನರ ತಪ್ಪಿ ತಪ್ಪಿ ತೋಳು ನೀಲಿಗಟ್ಟಿತು. "ನರ ಎಲ್ಲೂ ಓಡೋಗಲ್ಲಪ್ಪ, ಮೆಲ್ಲಗೆ ಚುಚ್ಚಿ," ಎಂದರು ನರ್ಸಮ್ಮ.

ಒಂದು ರಜಾದಿನ ಬೆಳಿಗ್ಗೆ ಮಂಡಿಯಲ್ಲಿ ಜುಮುಜುಮು ಎಂದಿತು. ಒಳಗೆ ರಕ್ತ ಜಿನುಗುತ್ತಿದೆಯೆಂದು ಅವನಿಗೆ ಗೊತ್ತು. ಅಡುಗೆಮನೆಯ ಮೇಜಿನ ಮುಂದೆ ಕೂತು ಔಷಧಿ ಕರಗಿಸಿದ. ಮೊದಲ ಸಲ ನರ ಸಿಗಲಿಲ್ಲ. ಅಲ್ಲಿ ಒತ್ತಿ ಹಿಡಿದು, ಬಹಳ ಹೊತ್ತು ಕಾದು, ಇನ್ನೊಂದು ತೋಳಿಗೆ ಚುಚ್ಚಿದ. ಸೂಜಿಯ ತೆಳು ನಳಿಗೆಯಲ್ಲಿ ರಕ್ತ ಇಣುಕಿತು; ನರ ಸಿಕ್ಕಿತ್ತು, ಔಷಧಿ ಒಳಗೆ ಬಿಟ್ಟ. ಮಂಡಿಯ ಮೇಲೆ ಐಸಿಟ್ಟುಕೊಂಡು ಅಕ್ಕನಿಗೆ ಫೋನು ಮಾಡಿದ.

"ಚುಚ್ಕೊಂಡೆ."

"ಯಾರು ಚುಚ್ಚಿದ್ದು?"

"ನಾನೇ ಕಣಕ್ಕ."

"ನೋವಾಯ್ತಾ?" ಎಂದಳು ಅಕ್ಕ.

"ನಿನ್ನಷ್ಟು ಹಗುರವಾಗಿ ಚುಚ್ಚೋಕೆ ಬರಲ್ಲ."

ಫೋನಿನ ಆಚೆ ಯಾರೋ ಅವಳನ್ನು ತಿಂಡಿಗೆ ಕರೆದರು. "ಹೋಗು, ಕಾಯ್ತಿದಾರೆ," ಎಂದು ಅವನೇ ಫೋನಿಟ್ಟ.

ಈಗ ಅವನು ಊತಕ್ಕೆ ಕಾಯುವುದಿಲ್ಲ. ವಾರವಾರವೂ ತಪ್ಪದೆ ಔಷಧಿ ತೆಗೆದುಕೊಳ್ಳುತ್ತಾನೆ. ಮಂಡಿ ಮೊದಲಿನಷ್ಟು ಕಾಡುವುದಿಲ್ಲ. ಹೇಗಿದೆಯೆಂದು ಕೇಳುವವರು ಮಾತ್ರ ಮನೆಯಲ್ಲಿಲ್ಲ. ಕೆಲಸ ಮುಗಿದ ಮೇಲೂ ನಿಲ್ದಾಣದ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂರುತ್ತಾನೆ. ಪಕ್ಕದವರು ಬಸ್ಸು ಯಾವಾಗ ಬರುತ್ತದೆ ಎಂದು ಕೇಳಿದರೆ, ಅವರು ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೇಳುತ್ತಾನೆ.