ಮಂಗ ಮುಟ್ಟದ ತರಕಾರಿ

ಗೆಳೆಯರೇ, ಇವತ್ತು ಕೊಪ್ಪದಲ್ಲಿ ನಮ್ಮ ಶಿಕ್ಷಕರ ಸಭೆ. ವಿಷಯ: ಸೋತ ಯೋಜನೆಗಳಿಂದ ಕಲಿತದ್ದೇನು? ವಿಚಿತ್ರವೆಂದರೆ ಯಾರ ಶಾಲೆಯಲ್ಲೂ ಏನೂ ಸೋತೇ ಇರಲಿಲ್ಲ! ನಾನೊಬ್ಬಳೇ ಎದ್ದು, "ನಮ್ಮ ಶಾಲೆ ಕೈತೋಟ ಪೂರ್ತಿ ಮಂಗನ ಪಾಲಾಯ್ತು ಸಾರ್" ಎಂದೆ.

"ಏನು ಕಲಿತ್ರಿ?" ಎಂದರು ಅಧಿಕಾರಿ.

"ಮಕ್ಕಳು ಕಲಿತ್ರು ಸಾರ್. ಮಂಗ ಮುಟ್ಟದ್ದನ್ನೇ ನೆಟ್ರು. ಈಗ ಬಿಸಿಯೂಟಕ್ಕೆ ಸುವರ್ಣಗೆಡ್ಡೆ, ಶುಂಠಿ, ಸೂಜಿಮೆಣಸು ಎಲ್ಲ ನಮ್ಮದೇ."

"ಹಾಗಾದ್ರೆ ಇದು ಗೆದ್ದ ಯೋಜನೆ ಆಯ್ತಲ್ಲ ಮೇಡಂ! ಇವತ್ತಿನ ಸಭೆಗೆ ಬರಲ್ಲ, ಕೂತ್ಕೊಳ್ಳಿ."

ಕೂತೆ. ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ, ಏನೂ ಸೋಲದ ಮೇಷ್ಟ್ರುಗಳೆಲ್ಲ ಒಬ್ಬೊಬ್ಬರಾಗಿ ಹತ್ತಿರ ಬಂದರು. "ಮಂಗ ಮತ್ತೆ ಎಂತೆಂತ ಮುಟ್ಟಲ್ಲ, ಒಂಚೂರು ಹೇಳಿ ಮಾರಾಯ್ರೆ."

ಒಟ್ಟಿನಲ್ಲಿ ಸಭೆ ಬಹಳ ಚೆನ್ನಾಗಿ ನಡೆಯಿತು, ಬಸ್‌ಸ್ಟ್ಯಾಂಡಿನಲ್ಲಿ.