ಕಾರಿನಡಿಯಿಂದ ಒಂದು ಕೂಗು

ಬೋಲ್ಟ್ ಪಟ್ಟನೆ ಕಳಚಿ ಕೈಜಾರಿತು. ಬಿಸಿ ಬಿಸಿ ಕಪ್ಪು ಆಯಿಲ್ ಮೊಣಕೈವರೆಗೂ ಇಳಿಯತೊಡಗಿತು. ಅದನ್ನು ಹಿಡಿಯಬೇಕಿದ್ದ ಟಬ್ ಕೈಗೆ ಎಟುಕದಷ್ಟು ದೂರದಲ್ಲಿತ್ತು. ಸದಲಗಾದ ನಮ್ಮ ಮನೆಯಂಗಳದಲ್ಲಿ ಕಾರಿನ ಕೆಳಗೆ ಅಂಗಾತ ಮಲಗಿದ್ದ ನಾನು, ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, “ಏನ್ರೀ, ಆ ಟಬ್ ಇತ್ತ ಸರಸ್ರಿ, ಲಗೂನ!” ಎಂದು ಕೂಗಿಬಿಟ್ಟೆ.

ಯಜಮಾನರು ತೀರಿಕೊಂಡು ವರ್ಷದ ಮೇಲಾಗಿತ್ತು. ಆಯಿಲ್ ಬದಲಿಸುವುದು ಅವರ ಕೆಲಸ, ಟಬ್ ಸರಿಸುವುದು ನನ್ನದು. ನೋಡಿ ನೋಡಿ ಕಲಿತಿದ್ದೇನೆ ಎಂಬ ಹುಂಬ ಧೈರ್ಯದಿಂದ ಒಬ್ಬಳೇ ನುಸುಳಿದ್ದೆ.

ಆದರೆ ಟಬ್ ಸರಿಯಿತು! ಅದರ ಹಿಂದೆ ಸೆಗಣಿ ಮೆತ್ತಿದ ಬರಿಗಾಲು ಕಂಡಿತು. ಎಮ್ಮೆ ಕಟ್ಟಿಕೊಂಡು ಒಬ್ಬರೇ ಇರುವ ಎದುರು ಮನೆಯ ಕಾಕು, ಕೂಗು ಕೇಳಿ ಓಡಿಬಂದಿದ್ದರು.

ಸೀರೆಯೆಲ್ಲ ಕರಿ ಮಾಡಿಕೊಂಡು ಹೊರಬಂದೆ. ಕರೆದದ್ದು ಯಾರನ್ನು ಎಂಬುದು ಅವರಿಗೆ ತಿಳಿದಿತ್ತು. ನನಗೆ ತಲೆ ಎತ್ತಲಾಗಲಿಲ್ಲ. ಕಾಕು ತಮ್ಮ ಕೊಟ್ಟಿಗೆಯಿಂದ ಒಂದು ಹೊರೆ ರವದಿ, ಕಬ್ಬಿನ ಒಣ ಎಲೆ, ತಂದು, ಚೆಲ್ಲಿದ ಆಯಿಲ್ ಮೇಲೆ ಹರಡುತ್ತ ಮೆಲ್ಲಗೆ ಅಂದರು:

“ನಾಚಬ್ಯಾಡವಾ. ಎಮ್ಮಿ ಹಗ್ಗ ಹರಕೊಂಡಾಗ ನಾನೂ ಹಿಂಗ ಕರೀತೀನಿ. ನಮ್ಮವರು ಹೋಗಿ ಭಾಳ ವರ್ಷಾತು.”

ಅಂಗಳದ ಕಲೆ ಎಷ್ಟು ತಿಕ್ಕಿದರೂ ಹೋಗಿಲ್ಲ. ಸಂಜೆ ಎದುರಿನ ಕೊಟ್ಟಿಗೆಯಿಂದ “ಏನ್ರೀ…” ಎಂಬ ಕೂಗು ಬಂದರೆ, ಈಗ ನಾನು “ಬಂದೆ” ಎಂದು ಎದ್ದು ಹೋಗುತ್ತೇನೆ.